ಪಕ್ಷ ಹೊರಹಾಕಿತು, ಬಜೆಟ್ ಬೀಳಿಸಿತು: ಸಮೋವಾದ ಪ್ರಧಾನಿಗಳು ಏರಿ ಇಳಿಯುವ ಬಗೆ

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಿಂದ 2025ರಲ್ಲಿ ಒಂದರ ಹಿಂದೊಂದು ಬಂದ ಸುದ್ದಿಗಳನ್ನು ಓದಿದವರಿಗೆ ತಲೆಬುಡ ತಿಳಿಯದಂತಾಗಿದ್ದರೆ ಅದು ಓದುಗರ ತಪ್ಪಲ್ಲ. ಜನವರಿಯಲ್ಲಿ ಪ್ರಧಾನಿ ಫಿಯಾಮೆ ನವೋಮಿ ಮತಾಫಾ ಅವರು ತಮ್ಮದೇ ಪಕ್ಷದ ಅಧ್ಯಕ್ಷರನ್ನು ಸಂಪುಟದಿಂದ ಕೈಬಿಟ್ಟರು. ಕೆಲವೇ ದಿನಗಳಲ್ಲಿ ಆ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು. ಆದರೂ ಅವರು ಪ್ರಧಾನಿಯಾಗಿಯೇ ಉಳಿದು ಎರಡು ಅವಿಶ್ವಾಸ ಗೊತ್ತುವಳಿಗಳನ್ನು ಗೆದ್ದರು. ಮೇ ತಿಂಗಳಲ್ಲಿ ಬಜೆಟ್ ಮತದಾನದಲ್ಲಿ ಸೋತರು. ಆಗಸ್ಟ್ 29ರಂದು ಅವಧಿಗೆ ಮುನ್ನವೇ ಚುನಾವಣೆ ನಡೆಯಿತು. ಆ ಚುನಾವಣೆಯಲ್ಲಿ ಗೆದ್ದದ್ದು ಅವರನ್ನು ಹೊರಹಾಕಿದ ಪಕ್ಷ. ಅವರು ಸಂಪುಟದಿಂದ ಕೈಬಿಟ್ಟಿದ್ದ ಅದೇ ಲಾಔಲಿ ಲೆಯುವಾತೆಯಾ ಶ್ಮಿಟ್ ಸೆಪ್ಟೆಂಬರ್ 16ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಇದನ್ನು ಇಬ್ಬರು ನಾಯಕರ ಜಗಳ ಎಂದು ಓದಿ ಮುಗಿಸಿದರೆ ಮುಖ್ಯವಾದುದು ಕಣ್ತಪ್ಪುತ್ತದೆ. ಸ್ವತಂತ್ರ ಸಮೋವಾದ ಮೊದಲ ಮೂರು ದಶಕಗಳಲ್ಲಿ ಪ್ರಧಾನಿಗಳು ಹೆಚ್ಚುಕಡಿಮೆ ಹೀಗೆಯೇ ಬೀಳುತ್ತಿದ್ದರು. ನಡುವಿನ ಮೂರು ದಶಕಗಳ ಸ್ಥಿರತೆ ಆ ಹಳೆಯ ಪದ್ಧತಿಯನ್ನು ಮುಚ್ಚಿಟ್ಟಿತ್ತು. 2021ರ ನಂತರ ಅದು ಮತ್ತೆ ಮೇಲೆ ಬಂದಿದೆ. ಹಾಗೆ ಮರಳಿ ಬಂದದ್ದರಲ್ಲಿ ಒಂದು ಅಂಶ ಮಾತ್ರ ಹೊಸದು, ಮತ್ತು ಈ ಇಡೀ ಪ್ರಕರಣದ ತಿರುಳು ಆ ಹೊಸ ಅಂಶದಲ್ಲಿದೆ.

ಹೆಸರಿನೊಳಗಿನ ರಾಜಕಾರಣ

ಸಮೋವಾದ ನಾಯಕರ ಹೆಸರುಗಳು ಹೊರಗಿನವರಿಗೆ ಉದ್ದವಾಗಿಯೂ ಅಸ್ಥಿರವಾಗಿಯೂ ಕಾಣುತ್ತವೆ. 1976ರಲ್ಲಿ ಪ್ರಧಾನಿಯಾದ ತುಪುವೊಲಾ ಎಫಿ ಮತ್ತು 2007ರಲ್ಲಿ ರಾಷ್ಟ್ರದ ಮುಖ್ಯಸ್ಥರಾದ ತುಯಿ ಆತುವಾ ತುಪುವಾ ತಮಸೆಸೆ ಎಫಿ ಇಬ್ಬರು ವ್ಯಕ್ತಿಗಳೆಂದು ತಿಳಿದವರಿದ್ದಾರೆ, ಇಬ್ಬರೂ ಒಬ್ಬರೇ. ನಡುವೆ ಬದಲಾದದ್ದು ಅವರು ಹೊತ್ತ ಬಿರುದುಗಳು. ಸಮೋವಾದಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಬರುವ ಪದ ಸಾಮಾನ್ಯವಾಗಿ ಅವನ ಅಥವಾ ಅವಳ ‘ಮತಾಯಿ’ ಬಿರುದು. ಫಿಯಾಮೆ, ತುಯಿಲಾಎಪಾ, ತೋಫಿಲಾವು ಇವೆಲ್ಲವೂ ಬಿರುದುಗಳೇ. ಉಚ್ಚಾರದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವೂ ಇದೆ: ಸಮೋವಾ ಭಾಷೆಯವರು ರೋಮನ್ ಲಿಪಿಯ ‘ಜಿ’ ಅಕ್ಷರವನ್ನು ಬರೆದಾಗ ಅದರ ಉಚ್ಚಾರ ನಮ್ಮ ವರ್ಣಮಾಲೆಯ ‘ಙ’. ಹೀಗಾಗಿ ಕುಟುಂಬ ಎಂಬ ಅರ್ಥದ ಅವರ ಪದವನ್ನು ‘ಐಗಾ’ ಎಂದು ಓದಬಾರದು, ‘ಆಯಿಂಗಾ’ ಎನ್ನಬೇಕು.

ಮತಾಯಿ ಎಂದರೆ ಆಯಿಂಗಾದ, ಅಂದರೆ ವಿಸ್ತೃತ ಕುಟುಂಬದ ಮುಖ್ಯಸ್ಥ. ಈ ಬಿರುದು ತಂದೆಯಿಂದ ಮಗನಿಗೆ ತಾನಾಗಿ ಇಳಿದುಬರುವಂಥದ್ದಲ್ಲ. ಕುಟುಂಬದವರು ಸೇರಿ, ಚರ್ಚಿಸಿ, ಒಮ್ಮತಕ್ಕೆ ಬಂದು ಕೊಡಬೇಕು. ಒಮ್ಮತವಾಗದಿದ್ದರೆ ಭೂಮಿ ಮತ್ತು ಬಿರುದುಗಳ ನ್ಯಾಯಾಲಯಕ್ಕೆ ಹೋಗಬೇಕು. ಮತಾಯಿಗಳು ಸೇರಿದ ಹಳ್ಳಿಯ ಸಭೆಗೆ ‘ಫೋನೊ’ ಎಂದು ಹೆಸರು. ದೇಶದ ಸುಮಾರು ಶೇಕಡ 80ರಷ್ಟು ಭೂಮಿ ಇಂದಿಗೂ ಸಾಂಪ್ರದಾಯಿಕ ಒಡೆತನದಲ್ಲಿದ್ದು, ಅದರ ಉಸ್ತುವಾರಿ ಈ ಬಿರುದುಗಳಿಗೆ ಅಂಟಿಕೊಂಡಿದೆ. ಬಿರುದುಗಳಲ್ಲಿಯೂ ಮೇಲುಕೀಳು ಇದೆ. ಎಲ್ಲಕ್ಕಿಂತ ಮೇಲಿನವು ನಾಲ್ಕು: ಮಲಿಯೆತೋವಾ, ಮತಾಫಾ, ತುಪುವಾ ತಮಸೆಸೆ ಮತ್ತು ತುಯಿಮಲೆಯಲಿಇಫಾನೊ.

ಇದರ ರಾಜಕೀಯ ಪರಿಣಾಮ ನೇರವಾದದ್ದು. ಸಂಸತ್ತಿಗೆ ಸ್ಪರ್ಧಿಸಲು ಇಂದಿಗೂ ಮತಾಯಿ ಬಿರುದು ಇರಲೇಬೇಕು. 1991ರವರೆಗೆ ಮತ ಹಾಕುವ ಹಕ್ಕೂ ಬಹುಪಾಲು ಮತಾಯಿಗಳಿಗೆ ಮಾತ್ರ ಇತ್ತು. ಮತಗಳನ್ನು ಹೆಚ್ಚಿಸಿಕೊಳ್ಳಲು ಕುಟುಂಬಗಳು ಚುನಾವಣೆಗೆ ಮುನ್ನ ಹೊಸಬರಿಗೆ ಬಿರುದು ಕೊಡುವ ರೂಢಿ ಬೆಳೆಯಿತು. ಅಂಥವರಿಗೆ ಜನರು ಇಟ್ಟ ಹೆಸರು ‘ಮತಾಯಿ ಪಲೋತಾ’, ಅಂದರೆ ಮತಪತ್ರದ ಮತಾಯಿಗಳು. ಸಮಾಜ ಅತ್ಯಂತ ಗೌರವದಿಂದ ಕಾಣುವ ಒಂದು ಬಿರುದು ಮತಪೆಟ್ಟಿಗೆಗಾಗಿ ಹಂಚಿಕೆಯಾಗತೊಡಗಿದ್ದು ಸಾರ್ವತ್ರಿಕ ಮತದಾನದ ಪರವಾಗಿ ಒಂದು ಬಲವಾದ ವಾದವಾಯಿತು.

ಒಬ್ಬ ಸಂಸದ ತನ್ನ ಸ್ಥಾನಕ್ಕೆ ಮೊದಲು ಋಣಿಯಾಗಿರುವುದು ಕುಟುಂಬಕ್ಕೆ, ಆಮೇಲೆ ಹಳ್ಳಿಗೆ. ಪಕ್ಷ ಬರುವುದು ಕೊನೆಗೆ. ಪಕ್ಷ ಅವನಿಗೆ ಬಿರುದು ಕೊಟ್ಟಿಲ್ಲ. ಹಾಗಾಗಿ ಪಕ್ಷ ಬಿಟ್ಟರೂ ಅವನ ಬುಡ ಅಲುಗುವುದಿಲ್ಲ. ಮುಂದಿನ ಇತಿಹಾಸವೆಲ್ಲ ಈ ಒಂದು ಸಂಗತಿಯ ಸುತ್ತ ಸುತ್ತುತ್ತದೆ.

ಎರಡು ಬಜೆಟ್, ಎರಡು ಪತನ

ಸಮೋವಾ 1962ರ ಜನವರಿ 1ರಂದು ನ್ಯೂಜಿಲೆಂಡ್ ಆಡಳಿತದಿಂದ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಹಿಂದೆ ಆ ಆಡಳಿತವನ್ನು ವಿರೋಧಿಸಿದ ‘ಮಾವು’ ಎಂಬ ಚಳವಳಿಯ ನೆನಪಿತ್ತು: 1929ರ ಡಿಸೆಂಬರ್ 28ರಂದು ರಾಜಧಾನಿ ಅಪಿಯಾದ ಬೀದಿಯಲ್ಲಿ ನಡೆದ ಶಾಂತಿಯುತ ಮೆರವಣಿಗೆಯ ಮೇಲೆ ನ್ಯೂಜಿಲೆಂಡಿನ ಪೊಲೀಸರು ಗುಂಡು ಹಾರಿಸಿದಾಗ ಚಳವಳಿಯ ನಾಯಕ ಮೂರನೆಯ ತುಪುವಾ ತಮಸೆಸೆ ಲೆಯಲೋಫಿ ಅವರು ಪ್ರಾಣ ತೆತ್ತರು. ಹೊಸ ದೇಶದ ಮೊದಲ ಪ್ರಧಾನಿ ಎರಡನೆಯ ಫಿಯಾಮೆ ಮತಾಫಾ ಫೌಮುಯಿನಾ ಮುಲಿನೂ. 1959ರಿಂದಲೇ ಸರ್ಕಾರದ ನೇತೃತ್ವ ವಹಿಸಿದ್ದ ಅವರು 1970ರವರೆಗೆ, ಮತ್ತೆ 1973ರಿಂದ 1975ರಲ್ಲಿ ನಿಧನರಾಗುವವರೆಗೆ ಆ ಹುದ್ದೆಯಲ್ಲಿದ್ದರು. ನಡುವಿನ ಮೂರು ವರ್ಷ ನಾಲ್ಕನೆಯ ತುಪುವಾ ತಮಸೆಸೆ ಲೆಯಲೋಫಿ ಅವರದು. ಇಬ್ಬರೂ ಮೇಲೆ ಹೇಳಿದ ನಾಲ್ಕು ಬಿರುದುಗಳ ಪೈಕಿ ಒಂದೊಂದನ್ನು ಹೊತ್ತವರು. ಆಗ ರಾಜಕೀಯ ಪಕ್ಷಗಳೇ ಇರಲಿಲ್ಲ. ಸದಸ್ಯರು ಸಂಸತ್ತಿನಲ್ಲಿ ಸೇರಿ, ವ್ಯಕ್ತಿಯನ್ನು ನೋಡಿ ಪ್ರಧಾನಿಯನ್ನು ಆರಿಸುತ್ತಿದ್ದರು.

ತುಪುವೊಲಾ ಎಫಿ 1976ರಲ್ಲಿ ಪ್ರಧಾನಿಯಾದಾಗ, ರಾಜಮನೆತನಕ್ಕೆ ಸೇರಿದವರಾಗಿದ್ದರೂ, ತುಪುವಾ ತಮಸೆಸೆ ಎಂಬ ಉನ್ನತ ಬಿರುದು ಅವರಿಗೆ ಇನ್ನೂ ಬಂದಿರಲಿಲ್ಲ. ಅವರ ವಿರೋಧಿಗಳು 1979ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಪಕ್ಷವನ್ನು ಕಟ್ಟಿದರು. ಎಚ್‌ಆರ್‌ಪಿಪಿ ಎಂದೇ ಪ್ರಸಿದ್ಧವಾದ ಇದು ದೇಶದ ಮೊದಲ ನಿಜವಾದ ಪಕ್ಷ. 1981ರ ಸರ್ಕಾರಿ ನೌಕರರ ದೀರ್ಘ ಮುಷ್ಕರದಿಂದ ಆಡಳಿತ ಬಳಲಿತ್ತು. 1982ರ ಚುನಾವಣೆಯಲ್ಲಿ ಎಚ್‌ಆರ್‌ಪಿಪಿ ಎಲ್ಲರಿಗಿಂತ ಹೆಚ್ಚು ಸ್ಥಾನಗಳನ್ನು ಗೆದ್ದು, ಅದರ ನಾಯಕ ವಾಯಿ ಕೊಲೊನೆ ಪ್ರಧಾನಿಯಾದರು.

ಆ ವರ್ಷ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಚುನಾವಣಾ ಅಕ್ರಮದ ಕಾರಣಕ್ಕೆ ನ್ಯಾಯಾಲಯ ಸೆಪ್ಟೆಂಬರ್‌ನಲ್ಲಿ ವಾಯಿ ಕೊಲೊನೆ ಅವರ ಆಯ್ಕೆಯನ್ನು ರದ್ದುಪಡಿಸಿತು. ರಾಷ್ಟ್ರದ ಮುಖ್ಯಸ್ಥರಾಗಿದ್ದ ಎರಡನೆಯ ಮಲಿಯೆತೋವಾ ತನುಮಾಫಿಲಿ ಅವರು ತುಪುವೊಲಾ ಎಫಿ ಅವರನ್ನು ಮತ್ತೆ ಪ್ರಧಾನಿಯಾಗಿ ನೇಮಿಸಿದರು. ಡಿಸೆಂಬರ್‌ನಲ್ಲಿ ಎಫಿ ಮಂಡಿಸಿದ ಬಜೆಟ್ ಸೋತಿತು. ಸಂಸತ್ತನ್ನು ವಿಸರ್ಜಿಸಿ ಎಂದು ಅವರು ಕೋರಿದರು. ರಾಷ್ಟ್ರದ ಮುಖ್ಯಸ್ಥರು ಒಪ್ಪದೆ, ಎಚ್‌ಆರ್‌ಪಿಪಿಯ ಹೊಸ ನಾಯಕ ತೋಫಿಲಾವು ಎಟಿ ಅಲೆಸಾನಾ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಒಂದೇ ವರ್ಷದಲ್ಲಿ ದೇಶ ಮೂವರು ಪ್ರಧಾನಿಗಳನ್ನು ಕಂಡಿತು, ಅದೂ ಒಂದೇ ಚುನಾವಣೆಯ ಫಲಿತಾಂಶದ ಮೇಲೆ.

ಮೂರು ವರ್ಷಗಳ ಬಳಿಕ ಅದೇ ದೃಶ್ಯ ಮರುಕಳಿಸಿತು. 1985ರ ಡಿಸೆಂಬರ್‌ನಲ್ಲಿ ತೋಫಿಲಾವು ಅವರ ಬಜೆಟ್ಟನ್ನು ಅವರದೇ ಪಕ್ಷದ ಒಂದು ಗುಂಪು ವಿರೋಧ ಪಕ್ಷದ ಜೊತೆ ಸೇರಿ ಸೋಲಿಸಿತು. ಅವರೂ ವಿಸರ್ಜನೆ ಕೇಳಿದರು, ಅವರಿಗೂ ಅದು ಸಿಗಲಿಲ್ಲ. ಪಕ್ಷದಿಂದ ಸಿಡಿದು ಬಂದ ವಾಯಿ ಕೊಲೊನೆ, ಹಿಂದೆ ತಾವೇ ಸೋಲಿಸಿದ್ದ ತುಪುವೊಲಾ ಎಫಿ ಅವರೊಡನೆ ಕೂಡಿಕೊಂಡು ಸಮ್ಮಿಶ್ರ ಸರ್ಕಾರ ರಚಿಸಿದರು. ಅದು 1988ರವರೆಗೆ ನಡೆಯಿತು.

ಈ ಎರಡು ಘಟನೆಗಳಲ್ಲಿ ಬಜೆಟ್ ಆಯುಧವಾದದ್ದು ಆಕಸ್ಮಿಕವಲ್ಲ. ಅವಿಶ್ವಾಸ ಗೊತ್ತುವಳಿ ತಂದರೆ ಎದುರಾಳಿಗಳೆಲ್ಲ ‘ಇವರ ಬದಲು ಯಾರು’ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಹುಡುಕಬೇಕಾಗುತ್ತದೆ. ಬಜೆಟ್ಟಿಗೆ ‘ಬೇಡ’ ಎನ್ನಲು ಆ ಒಪ್ಪಂದದ ಅಗತ್ಯವಿಲ್ಲ. ಬೇರೆಬೇರೆ ಕಾರಣಗಳಿಗಾಗಿ ಅಸಮಾಧಾನಗೊಂಡವರು ಒಂದೇ ದಿನ ಒಂದೇ ಕಡೆ ಕೈಯೆತ್ತಿದರೆ ಸಾಕು. ಅನುದಾನ ಸಿಗದ ಸರ್ಕಾರ ನಿಲ್ಲುವುದಿಲ್ಲ.

ಮೂರು ದಶಕಗಳ ಭದ್ರತೆ ಬಂದದ್ದು ಎಲ್ಲಿಂದ

1988ರಲ್ಲಿ ಅಲ್ಪ ಅಂತರದಿಂದ ಅಧಿಕಾರಕ್ಕೆ ಮರಳಿದ ತೋಫಿಲಾವು ಹಳೆಯ ಪೆಟ್ಟನ್ನು ಮರೆತಿರಲಿಲ್ಲ ಎನ್ನುವುದು ಅವರ ಮುಂದಿನ ಕ್ರಮಗಳಿಂದಲೇ ತಿಳಿಯುತ್ತದೆ. 1990ರ ಜನಮತಗಣನೆಯ ಮೂಲಕ 21 ವರ್ಷ ತುಂಬಿದ ಎಲ್ಲರಿಗೂ ಮತದಾನದ ಹಕ್ಕು ಬಂತು. ಸ್ಪರ್ಧಿಸುವ ಹಕ್ಕು ಮಾತ್ರ ಮತಾಯಿಗಳಲ್ಲೇ ಉಳಿಯಿತು. ಅದೇ ವರ್ಷ ಹಳ್ಳಿಯ ಫೋನೊಗಳ ಅಧಿಕಾರಕ್ಕೆ ಕಾನೂನಿನ ಬಲ ಕೊಡಲಾಯಿತು, ವೃದ್ಧರಿಗೆ ಪಿಂಚಣಿ ಆರಂಭವಾಯಿತು. ಸಂಸತ್ತಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಸಂಪುಟ ದೊಡ್ಡದಾಯಿತು, ಸಚಿವರಾಗದ ಆಡಳಿತ ಪಕ್ಷದ ಸದಸ್ಯರಿಗೆ ಅಧೀನ ಕಾರ್ಯದರ್ಶಿ, ಮುಂದೆ ಸಹಾಯಕ ಸಚಿವ ಎಂಬ ಹುದ್ದೆಗಳು ಬಂದವು.

ಕೊನೆಯ ಅಂಶವೇ ನಿರ್ಣಾಯಕ. ತನ್ನ ಹಳ್ಳಿಗೆ ರಸ್ತೆ, ಶಾಲೆ, ನೀರು ತರಬೇಕಾದ ಮತಾಯಿಗೆ ವಿರೋಧ ಪಕ್ಷದಲ್ಲಿ ಕೂರುವುದು ಬರಿಗೈಯಲ್ಲಿ ಊರಿಗೆ ಮರಳಿದಂತೆ. ಸರ್ಕಾರದ ಬಹುತೇಕ ಸದಸ್ಯರಿಗೂ ಏನಾದರೊಂದು ಹುದ್ದೆ ಇದ್ದರೆ ಬಜೆಟ್ ದಿನ ಬಂಡಾಯವೇಳುವವರು ಉಳಿಯುವುದಿಲ್ಲ. ಪಕ್ಷೇತರರಾಗಿ ಗೆದ್ದವರು ಫಲಿತಾಂಶದ ಮರುದಿನವೇ ಆಡಳಿತ ಪಕ್ಷ ಸೇರುವುದು ವಾಡಿಕೆಯಾಯಿತು. ನಂತರದ ವರ್ಷಗಳಲ್ಲಿ ಪಕ್ಷಾಂತರಿಗಳ ಸ್ಥಾನ ತೆರವಾಗುವ ಕಾನೂನು ಬಂತು. ಸಂಸತ್ತಿನಲ್ಲಿ ಪಕ್ಷವೆಂದು ಮಾನ್ಯತೆ ಪಡೆಯಲು ಎಂಟು ಸದಸ್ಯರಿರಬೇಕು ಎಂಬ ನಿಯಮ ಸಣ್ಣ ಪಕ್ಷಗಳನ್ನು ಹೊರಗಿಟ್ಟಿತು. ಈ ಭದ್ರತೆಗೆ ತೆತ್ತ ಬೆಲೆಯೂ ಸಣ್ಣದಲ್ಲ. 1994ರಲ್ಲಿ ಸರ್ಕಾರದ ಮುಖ್ಯ ಲೆಕ್ಕ ಪರಿಶೋಧಕರು ಆಡಳಿತದಲ್ಲಿನ ಭ್ರಷ್ಟಾಚಾರವನ್ನು ಬಯಲಿಗೆಳೆದು ವರದಿ ಕೊಟ್ಟಾಗ, ಕೊನೆಗೆ ಅಮಾನತಾದವರು ಆ ಲೆಕ್ಕ ಪರಿಶೋಧಕರೇ.

ಅನಾರೋಗ್ಯದಿಂದ 1998ರ ನವೆಂಬರ್‌ನಲ್ಲಿ ತೋಫಿಲಾವು ಕೆಳಗಿಳಿದಾಗ ಉಪಪ್ರಧಾನಿಯೂ ಹಣಕಾಸು ಸಚಿವರೂ ಆಗಿದ್ದ ತುಯಿಲಾಎಪಾ ಸೈಲೆಲೆ ಮಲಿಯೆಲೆಂಗಾವೊಯಿ ಪ್ರಧಾನಿಯಾದರು. ಆಕ್ಲೆಂಡ್‌ನಲ್ಲಿ ವಾಣಿಜ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ಅವರು 22 ವರ್ಷಕ್ಕೂ ಹೆಚ್ಚು ಕಾಲ ಆಳಿದರು. ಮೊದಲ ವರ್ಷವೇ ದೊಡ್ಡ ಆಘಾತ ಕಾದಿತ್ತು: 1999ರ ಜುಲೈನಲ್ಲಿ ಪಕ್ಷದ ಇಪ್ಪತ್ತನೆಯ ವಾರ್ಷಿಕೋತ್ಸವದ ಸಭೆಯಲ್ಲಿ ಲೋಕೋಪಯೋಗಿ ಸಚಿವ ಲುವಂಗಲಾವು ಲೆವಾವುಲಾ ಕಾಮು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು, ಇಬ್ಬರು ಹಿರಿಯ ರಾಜಕಾರಣಿಗಳು ಆ ಪ್ರಕರಣದಲ್ಲಿ ಶಿಕ್ಷೆಗೊಳಗಾದರು. ಅದನ್ನು ದಾಟಿದ ತುಯಿಲಾಎಪಾ ದೊಡ್ಡ ನಿರ್ಧಾರಗಳಿಗೆ ಹಿಂಜರಿದವರಲ್ಲ. 2009ರ ಸೆಪ್ಟೆಂಬರ್ 7ರಂದು ದೇಶದ ವಾಹನಗಳೆಲ್ಲ ರಸ್ತೆಯ ಬಲಬದಿಯಿಂದ ಎಡಬದಿಗೆ ಬಂದವು. 2011ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ದಿನಾಂಕಕ್ಕೆ ಹೊಂದಿಕೊಳ್ಳಲು ಅಂತರರಾಷ್ಟ್ರೀಯ ದಿನಾಂಕ ರೇಖೆಯ ಇನ್ನೊಂದು ಬದಿಗೆ ಸರಿದು ಡಿಸೆಂಬರ್ 30ನ್ನು ಪಂಚಾಂಗದಿಂದಲೇ ಬಿಡಲಾಯಿತು. 2016ರ ಚುನಾವಣೆಯ ನಂತರ 50 ಸದಸ್ಯರ ಸಂಸತ್ತಿನಲ್ಲಿ 47 ಮಂದಿ ಎಚ್‌ಆರ್‌ಪಿಪಿ ಕಡೆಯವರು. ಮಾನ್ಯತೆ ಪಡೆದ ವಿರೋಧ ಪಕ್ಷವೇ ಇರಲಿಲ್ಲ. ಹೊರಗೆ ಎದುರಾಳಿ ಇಲ್ಲದಾಗ ಭಿನ್ನಮತ ಒಳಗೆ ಹುಟ್ಟುತ್ತದೆ. ಇಲ್ಲಿ ಆದದ್ದೂ ಅದೇ.

2020ರ ಬಿರುಕು, 2021ರ ಡೇರೆ

ಫಿಯಾಮೆ ನವೋಮಿ ಮತಾಫಾ ಮೊದಲ ಪ್ರಧಾನಿಯ ಮಗಳು; ತಾಯಿಯೂ ಸಂಸದರಾಗಿದ್ದವರು. ತಂದೆ ತೀರಿಕೊಂಡಾಗ ಅವರು ವೆಲಿಂಗ್ಟನ್‌ನಲ್ಲಿ ಓದುತ್ತಿದ್ದರು. ಫಿಯಾಮೆ ಬಿರುದಿಗೆ ಬೇರೆ ಹಕ್ಕುದಾರರಿದ್ದರು. ನ್ಯಾಯಾಲಯದಲ್ಲಿ ಹೋರಾಡಿ, ಇಪ್ಪತ್ತರ ಆಸುಪಾಸಿನ ಅವಿವಾಹಿತ ಯುವತಿಯೊಬ್ಬಳು 1978ರಲ್ಲಿ ಅದನ್ನು ಪಡೆದದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. 1985ರಲ್ಲಿ ಲೋತೋಫಂಗಾ ಕ್ಷೇತ್ರದಿಂದ ಸಂಸತ್ ಪ್ರವೇಶ, 1991ರಲ್ಲಿ ದೇಶದ ಮೊದಲ ಸಂಪುಟ ಸಚಿವೆ, ಹದಿನೈದು ವರ್ಷ ಶಿಕ್ಷಣ ಖಾತೆ, 2016ರಲ್ಲಿ ಮೊದಲ ಮಹಿಳಾ ಉಪಪ್ರಧಾನಿ: ಅವರ ರಾಜಕೀಯ ಬದುಕಿನ ಬಹುಭಾಗ ಎಚ್‌ಆರ್‌ಪಿಪಿಯ ಒಳಗೇ ಕಳೆಯಿತು.

ಅವರು ಹೊರಬಂದದ್ದು ಮೂರು ಮಸೂದೆಗಳ ಕಾರಣಕ್ಕೆ. 2020ರಲ್ಲಿ ತುಯಿಲಾಎಪಾ ಸರ್ಕಾರ ಭೂಮಿ ಮತ್ತು ಬಿರುದುಗಳ ನ್ಯಾಯಾಲಯವನ್ನು ಸುಪ್ರೀಂ ಕೋರ್ಟ್‌ನ ಪರಿಶೀಲನೆಯಿಂದ ಬೇರ್ಪಡಿಸಿ, ಅದಕ್ಕೇ ಪ್ರತ್ಯೇಕ ಮೇಲ್ಮನವಿ ವ್ಯವಸ್ಥೆ ಕಟ್ಟಲು ಹೊರಟಿತು. ಸರ್ಕಾರದ ವಾದ ಹೀಗಿತ್ತು: ನಮ್ಮ ಸಂವಿಧಾನ ವ್ಯಕ್ತಿಯ ಹಕ್ಕುಗಳಿಗೆ ಜಾಗ ಕೊಟ್ಟಿದೆ, ಹಳ್ಳಿಯ ಸಾಮೂಹಿಕ ಹಕ್ಕುಗಳಿಗೆ ಕೊಟ್ಟಿಲ್ಲ, ಸಂಪ್ರದಾಯದ ವ್ಯಾಜ್ಯಗಳನ್ನು ಸಂಪ್ರದಾಯ ಬಲ್ಲವರೇ ತೀರ್ಮಾನಿಸಲಿ. ವಿರೋಧಿಗಳ ಆತಂಕವೂ ತೂಕದ್ದೇ: ಫೋನೊ ಒಬ್ಬ ವ್ಯಕ್ತಿಯನ್ನು ಹಳ್ಳಿಯಿಂದ ಹೊರಹಾಕಿದರೆ ಅವನು ಮೂಲಭೂತ ಹಕ್ಕಿಗಾಗಿ ಯಾರ ಬಾಗಿಲು ತಟ್ಟಬೇಕು? ಫಿಯಾಮೆ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು; ಮಸೂದೆಗಳು ಡಿಸೆಂಬರ್‌ನಲ್ಲಿ ಅಂಗೀಕಾರವಾದವು. ಅದಕ್ಕೂ ಮುನ್ನವೇ ಎಚ್‌ಆರ್‌ಪಿಪಿ ತೊರೆದಿದ್ದ ಮಾಜಿ ಸಭಾಧ್ಯಕ್ಷ ಲಾಔಲಿ ಅವರು ಫಾಸ್ಟ್ ಪಕ್ಷವನ್ನು ಕಟ್ಟಿದ್ದರು. ಆ ಹೆಸರು ‘ದೇವರಲ್ಲಿ ನಂಬಿಕೆ, ಸಮೋವಾ ಒಂದು’ ಎಂಬರ್ಥದ ಸಮೋವಾ ಮಾತಿನ ಸಂಕ್ಷೇಪ. 2021ರ ಮಾರ್ಚ್‌ನಲ್ಲಿ ಫಿಯಾಮೆ ಅದರ ನಾಯಕಿಯಾದರು. ಪಕ್ಷದ ಸಂಘಟನೆ ಲಾಔಲಿ ಅವರದು, ಹೆಸರಿನ ಘನತೆ ಫಿಯಾಮೆ ಅವರದು. ಈ ಹಂಚಿಕೆಯಲ್ಲೇ ಮುಂದಿನ ಒಡಕಿನ ಬೀಜವಿತ್ತು.

ಏಪ್ರಿಲ್ 9ರ ಚುನಾವಣೆಯಲ್ಲಿ ಎರಡೂ ಪಕ್ಷಗಳಿಗೆ 25 ಸ್ಥಾನಗಳು ಬಂದು, ಒಬ್ಬ ಪಕ್ಷೇತರರು ಉಳಿದರು. ಸಂಸತ್ತಿನಲ್ಲಿ ಕನಿಷ್ಠ ಶೇಕಡ 10ರಷ್ಟು ಮಹಿಳೆಯರಿರಬೇಕೆಂಬ ಸಾಂವಿಧಾನಿಕ ನಿಯಮವಿದೆ. 51ರಲ್ಲಿ ಶೇಕಡ 10 ಎಂದರೆ 5.1, ಗೆದ್ದ ಮಹಿಳೆಯರು ಐವರು. ಆ ದಶಾಂಶದ ಬಲದ ಮೇಲೆ ಚುನಾವಣಾ ಆಯುಕ್ತರು ಎಚ್‌ಆರ್‌ಪಿಪಿಯ ಒಬ್ಬ ಮಹಿಳೆಯನ್ನು ಆರನೆಯ ಸದಸ್ಯೆಯೆಂದು ಘೋಷಿಸಿದರು. ಪಕ್ಷೇತರರು ಫಾಸ್ಟ್ ಸೇರಿದಾಗ ಬಲಾಬಲ 26–26 ಆಯಿತು. ರಾಷ್ಟ್ರದ ಮುಖ್ಯಸ್ಥರು ಹೊಸ ಚುನಾವಣೆ ಘೋಷಿಸಿದರು. ಸುಪ್ರೀಂ ಕೋರ್ಟ್ ಮೇ 17ರಂದು ಆ ನೇಮಕವನ್ನೂ ಹೊಸ ಚುನಾವಣೆಯನ್ನೂ ರದ್ದುಪಡಿಸಿತು.

ಮೇ 24 ಸಂಸತ್ತು ಸೇರಲು ಸಂವಿಧಾನ ಕೊಟ್ಟಿದ್ದ 45 ದಿನಗಳ ಗಡುವಿನ ಕೊನೆಯ ದಿನ. ಮುಲಿನೂ ಭೂಶಿರದ ಸಂಸತ್ ಭವನದ ಬಾಗಿಲಿಗೆ ಬೀಗ ಬಿದ್ದಿತ್ತು. ನ್ಯಾಯಾಧೀಶರ ನಿಲುವಂಗಿ ತೊಟ್ಟು ಬಂದ ಮುಖ್ಯ ನ್ಯಾಯಮೂರ್ತಿಗಳು ಬಾಗಿಲು ತೆರೆಯದ್ದನ್ನು ಕಂಡು ಹಿಂತಿರುಗಿದರು. ಸಂಜೆ ಫಾಸ್ಟ್ ಸದಸ್ಯರು ಭವನದ ಮುಂದಿನ ಹುಲ್ಲುಹಾಸಿನ ಮೇಲೆ ಹಾಕಿದ ಬಿಳಿ ಡೇರೆಯೊಳಗೆ ಪ್ರಮಾಣವಚನ ಸ್ವೀಕರಿಸಿದರು. ಎರಡು ತಿಂಗಳ ಕಾಲ ಇಬ್ಬರು ಪ್ರಧಾನಿಗಳಿದ್ದ ಸ್ಥಿತಿ ಮುಂದುವರಿದು, ಜುಲೈ 23ರಂದು ಮೇಲ್ಮನವಿ ನ್ಯಾಯಾಲಯ ಡೇರೆಯ ಪ್ರಮಾಣವಚನವನ್ನೇ ಸಿಂಧು ಎಂದಿತು. ಸೈನ್ಯವೇ ಇಲ್ಲದ ದೇಶದಲ್ಲಿ ಈ ಬಿಕ್ಕಟ್ಟು ಒಂದು ಹನಿ ರಕ್ತವೂ ಬೀಳದೆ ನ್ಯಾಯಾಲಯದಲ್ಲಿ ಬಗೆಹರಿಯಿತು. ಪೆಸಿಫಿಕ್‌ನ ಈಚಿನ ಇತಿಹಾಸದಲ್ಲಿ ಇಷ್ಟು ಗೌರವಕ್ಕೆ ಅರ್ಹವಾದ ಅಧಿಕಾರ ಹಸ್ತಾಂತರ ಮತ್ತೊಂದಿಲ್ಲ ಎನ್ನಬಹುದು.

ಮೂರು ಬಣ, ಮೂರು ಮತದಾನ

2025ರ ಆರಂಭದಲ್ಲಿ ಆಗಿನ ಕೃಷಿ ಸಚಿವ ಲಾಔಲಿ ಅವರ ಮೇಲೆ ಪೊಲೀಸರು ಕ್ರಿಮಿನಲ್ ಆರೋಪಗಳನ್ನು ಹೊರಿಸಿದರು. ಪ್ರಧಾನಿ ರಾಜೀನಾಮೆ ಕೇಳಿದರು, ಅವರು ಒಪ್ಪಲಿಲ್ಲ, ಜನವರಿ 10ರಂದು ಅವರನ್ನು ಸಂಪುಟದಿಂದ ಕೈಬಿಡಲಾಯಿತು. ಪಕ್ಷ ಫಿಯಾಮೆ ಅವರನ್ನೂ ಉಪಪ್ರಧಾನಿ ಸೇರಿದಂತೆ ಅವರ ಬೆಂಬಲಿಗ ಸಚಿವರನ್ನೂ ಉಚ್ಚಾಟಿಸಿತು. ಪ್ರಧಾನಿ 13 ಸಹಾಯಕ ಸಚಿವರನ್ನು ವಜಾ ಮಾಡಿದರು. ಪಕ್ಷದಿಂದ ಹೊರಬಿದ್ದರೂ ಅವರ ಸಂಸತ್ ಸದಸ್ಯತ್ವ ಹೋಗಲಿಲ್ಲ.

ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಆರೋಪ ಹೊತ್ತ ಸಚಿವ ವಿಚಾರಣೆ ಮುಗಿಯುವ ತನಕ ಪಕ್ಕಕ್ಕೆ ಸರಿಯಬೇಕು, ಅಧಿಕಾರದಲ್ಲಿರುವವರಿಗೆ ಬೇರೆ ನ್ಯಾಯವಿಲ್ಲ ಎಂಬುದು ಫಿಯಾಮೆ ಅವರ ನಿಲುವು. ಆರೋಪ ಹೊರಿಸಿದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ಜನ ಮತ ಹಾಕಿದ್ದು ಪಕ್ಷಕ್ಕೆ, ಪ್ರಧಾನಿ ಹುದ್ದೆ ಪಕ್ಷದ ಕೊಡುಗೆ ಎಂಬುದು ಲಾಔಲಿ ಬಣದ ನಿಲುವು. ತುಯಿಲಾಎಪಾ ನೇತೃತ್ವದ ಎಚ್‌ಆರ್‌ಪಿಪಿಗೆ ಈ ಒಡಕು ಅಧಿಕಾರಕ್ಕೆ ಮರಳುವ ಅವಕಾಶವಾಗಿ ಕಂಡಿತು.

ಲೆಕ್ಕ ಇಲ್ಲಿಂದ ಸರಳ. ಸಂಸತ್ತಿನಲ್ಲಿ ಮೂರು ಬಣಗಳು, ಯಾರಿಗೂ ಬಹುಮತವಿಲ್ಲ. ಫೆಬ್ರುವರಿ 25ರಂದು ಎಚ್‌ಆರ್‌ಪಿಪಿ ತಂದ ಅವಿಶ್ವಾಸ ಗೊತ್ತುವಳಿಗೆ ಪರವಾಗಿ 15, ವಿರುದ್ಧವಾಗಿ 34 ಮತಗಳು ಬಿದ್ದವು. ಹಳೆಯ ಎದುರಾಳಿಗೆ ಅಧಿಕಾರ ಬಿಟ್ಟುಕೊಡಲು ಫಾಸ್ಟ್‌ನ ಎರಡೂ ಬಣಗಳಿಗೆ ಮನಸ್ಸಿರಲಿಲ್ಲ. ಮಾರ್ಚ್ 6ರಂದು ಲಾಔಲಿ ತಂದ ಗೊತ್ತುವಳಿಗೆ ಪರವಾಗಿ 19, ವಿರುದ್ಧವಾಗಿ 32. ಈ ಸಲ ಲಾಔಲಿ ಪ್ರಧಾನಿಯಾಗುವುದು ಎಚ್‌ಆರ್‌ಪಿಪಿಗೆ ಬೇಕಿರಲಿಲ್ಲ. ಹೀಗೆ ಪ್ರತಿ ಬಾರಿಯೂ ಮೂರನೆಯವರ ಭಯ ಫಿಯಾಮೆ ಅವರನ್ನು ಉಳಿಸಿತು. ಮಾರ್ಚ್ ಕೊನೆಗೆ ರಾಜಧಾನಿ ಇರುವ ಉಪೋಲು ದ್ವೀಪದಲ್ಲಿ ವಿದ್ಯುತ್ ಅಭಾವ ವಿಪರೀತಕ್ಕೆ ಹೋಗಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಅಲ್ಪಮತದ ಸರ್ಕಾರಕ್ಕೆ ಅದು ದೊಡ್ಡ ಹೊಡೆತ. ಮೇ 27ರಂದು ಬಜೆಟ್ ಮತಕ್ಕೆ ಬಂದಾಗ ಪರವಾಗಿ 16, ವಿರುದ್ಧವಾಗಿ 34. ಹಿಂದಿನ ಎರಡು ಗೊತ್ತುವಳಿಗಳ ಪರವಾಗಿ ಬಿದ್ದಿದ್ದ 15 ಮತ್ತು 19ನ್ನು ಕೂಡಿಸಿದರೆ ಬರುವುದೂ 34. ಒಬ್ಬರನ್ನೊಬ್ಬರು ಪ್ರಧಾನಿಯಾಗಿ ಒಪ್ಪದ ಎರಡು ಬಣಗಳಿಗೆ ‘ಬೇಡ’ ಎನ್ನಲು ಮಾತ್ರ ಒಮ್ಮತವಿತ್ತು. 1982, 1985ರ ಡಿಸೆಂಬರ್‌ಗಳು ಮರಳಿ ಬಂದವು.

ಹೊಸದಾದದ್ದು ಏನು

ಹಳೆಯ ದಾರಿಯಿಂದ ಬೇರೆಯಾದ ತಿರುವು ಇಲ್ಲಿದೆ. 1982 ಮತ್ತು 1985ರಲ್ಲಿ ರಾಷ್ಟ್ರದ ಮುಖ್ಯಸ್ಥರು ವಿಸರ್ಜನೆಯ ಕೋರಿಕೆಯನ್ನು ತಿರಸ್ಕರಿಸಿ ಸಂಸತ್ತಿನೊಳಗೇ ಬೇರೊಬ್ಬ ಪ್ರಧಾನಿಯನ್ನು ಹುಡುಕಿದ್ದರು. 2025ರಲ್ಲಿ ಆ ಹುದ್ದೆಯಲ್ಲಿದ್ದ ತುಯಿಮಲೆಯಲಿಇಫಾನೊ ವಾಲೆತೋವಾ ಸುವಾಲಾವುವಿ ಅವರು ಕೋರಿಕೆಗೆ ಒಪ್ಪಿ, ಜೂನ್ 3ರಂದು ಸಂಸತ್ತನ್ನು ವಿಸರ್ಜಿಸಿದರು. ಸಂಸತ್ತಿನೊಳಗೆ ಬಿರುದುಧಾರಿಗಳ ಚೌಕಾಶಿಯಲ್ಲಿ ತೀರ್ಮಾನವಾಗುತ್ತಿದ್ದ ಪ್ರಶ್ನೆ ಮತದಾರರ ಮುಂದೆ ಹೋಯಿತು.

ಮತದಾರರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. 51 ಸ್ಥಾನಗಳಲ್ಲಿ ಫಾಸ್ಟ್‌ಗೆ 30, ಎಚ್‌ಆರ್‌ಪಿಪಿಗೆ 14, ಪಕ್ಷೇತರರಿಗೆ 4. ಫಿಯಾಮೆ ಹೊಸದಾಗಿ ಕಟ್ಟಿದ ಸಮೋವಾ ಯುನೈಟಿಂಗ್ ಪಾರ್ಟಿಗೆ 3 ಸ್ಥಾನಗಳು ಮಾತ್ರ. ಅವರು ಲೋತೋಫಂಗಾದಲ್ಲಿ ಗೆದ್ದರು, ದೇಶದಲ್ಲಿ ಸೋತರು. ಮೂರು ತಿಂಗಳಲ್ಲಿ ಬೇರಿಲ್ಲದ ಹೊಸ ಪಕ್ಷವೊಂದನ್ನು ಹಳ್ಳಿಹಳ್ಳಿಗೆ ತಲುಪಿಸುವುದು ಕಷ್ಟ ಎಂಬುದು ಒಂದು ಕಾರಣ. ಪ್ರತಿ ಕ್ಷೇತ್ರಕ್ಕೆ ವರ್ಷಕ್ಕೆ ಹತ್ತು ಲಕ್ಷ ತಾಲಾ (ಸಮೋವಾದ ನಾಣ್ಯ) ಕೊಡುವ ಯೋಜನೆ ಫಿಯಾಮೆ ಸರ್ಕಾರದ್ದೇ ಆಗಿದ್ದರೂ ಅದರ ಹೆಸರು ಫಾಸ್ಟ್ ಪಕ್ಷಕ್ಕೆ ಅಂಟಿತ್ತು ಎಂಬುದು ಇನ್ನೊಂದು. ಊರೂರಿಗೆ ಹೋಗಿ ಸಭೆ ನಡೆಸಿ, ಹಾಡಿ, ಜನ ಸೇರಿಸಿದ ಸಂಘಟಕ ಲಾಔಲಿ ಎಂಬುದನ್ನು 2021ರಿಂದಲೂ ಜನ ಕಂಡಿದ್ದರು.

ವಂಶ, ಬಿರುದು, ಆಡಳಿತದ ಅನುಭವ, ಅಂತರರಾಷ್ಟ್ರೀಯ ಗೌರವ ಎಲ್ಲವೂ ಫಿಯಾಮೆ ಅವರ ಕಡೆಗಿತ್ತು. 2024ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಶೃಂಗಸಭೆಯನ್ನು ಅಪಿಯಾದಲ್ಲಿ ನಡೆಸಿಕೊಟ್ಟವರು ಅವರು. ಹತ್ತು ತಿಂಗಳಲ್ಲಿ ಅದಾವುದೂ ಮತವಾಗಲಿಲ್ಲ. ಸಮೋವಾದ ಮತದಾರರು ಸಂಸದರನ್ನು ಕುಟುಂಬ, ಹಳ್ಳಿಗಳ ಲೆಕ್ಕದಲ್ಲಿ ಆರಿಸುತ್ತಾರೆ ಎಂಬ ಮಾತು ಇನ್ನೂ ನಿಜ. ಪ್ರಧಾನಿಯನ್ನು ಆರಿಸುವಾಗ ಪಕ್ಷವನ್ನು ನೋಡುತ್ತಾರೆ ಎಂಬುದು 2025ರಲ್ಲಿ ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ಸಾಬೀತಾಯಿತು. 1970ರ ದಶಕದಲ್ಲಿ ಅವರ ತಂದೆಯ ಬಿರುದೇ ಪ್ರಧಾನಿ ಪಟ್ಟಕ್ಕೆ ಸಾಕಾಗಿತ್ತು.

ಮುಂದಿನ ದಿನಗಳು

ಪರಿಣಾಮಗಳಲ್ಲಿ ಕೆಲವನ್ನು ಈಗಲೇ ಊಹಿಸಬಹುದು. ಮುಂದೆ ಯಾವ ಪ್ರಧಾನಿಯೂ ಪಕ್ಷದ ಸಂಘಟನೆಯನ್ನು ಬೇರೊಬ್ಬರ ಕೈಯಲ್ಲಿ ಬಿಟ್ಟು ನಿಶ್ಚಿಂತರಾಗಿ ಇರಲಾರರು; ನಾಯಕತ್ವವೂ ಅಧ್ಯಕ್ಷತೆಯೂ ಒಬ್ಬರಲ್ಲೇ ಸೇರುವ ಒಲವು ಹೆಚ್ಚುತ್ತದೆ. ಅದರಿಂದ ಸರ್ಕಾರ ಗಟ್ಟಿಯಾಗುತ್ತದೆ, ಜೊತೆಗೆ ಸಂಪುಟದೊಳಗೆ ಪ್ರಧಾನಿಗೆ ‘ಇದು ಸರಿಯಲ್ಲ’ ಎಂದು ಹೇಳಬಲ್ಲವರು ಕಡಿಮೆಯಾಗುತ್ತಾರೆ. ಬಜೆಟ್ ಸೋತರೆ ಚುನಾವಣೆಯೇ ಗತಿ ಎಂಬ ಹೊಸ ಪೂರ್ವನಿದರ್ಶನ ಬಂಡಾಯಗಾರರನ್ನೂ ತಡೆಯುತ್ತದೆ. ಸರ್ಕಾರ ಬೀಳಿಸಿದವರು ತಮ್ಮ ಸ್ಥಾನವನ್ನೂ ಪಣಕ್ಕಿಡಬೇಕಾಗುತ್ತದೆ.

ನೋಡಬೇಕಾದ ಸಂಖ್ಯೆ ಇನ್ನೊಂದಿದೆ. ಸಂವಿಧಾನ ತಿದ್ದುಪಡಿಗೆ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬೆಂಬಲ ಬೇಕು. 51 ಸದಸ್ಯರೆಂದು ಹಿಡಿದರೆ ಅದು 34. ಫಾಸ್ಟ್ ಗೆದ್ದದ್ದು 30, ಪಕ್ಷೇತರರು ಗೆದ್ದದ್ದು 4. ಪಕ್ಷೇತರರು ಆಡಳಿತ ಪಕ್ಷದ ಕಡೆ ವಾಲುವ ಮೂರು ದಶಕಗಳ ವಾಡಿಕೆಯನ್ನು ನೆನೆದರೆ, 2020ರಲ್ಲಿ ಒಂದು ದೊಡ್ಡ ಪಕ್ಷವನ್ನು ಒಡೆದಂಥ ಸಾಂವಿಧಾನಿಕ ಬದಲಾವಣೆಗಳು ಮತ್ತೆ ಮೇಜಿಗೆ ಬಂದಾಗ ತೀರ್ಪು ಕೊಡುವವರು ಈ ನಾಲ್ಕು ಕ್ಷೇತ್ರಗಳ ಮತಾಯಿಗಳು. ರಾಷ್ಟ್ರದ ಮುಖ್ಯಸ್ಥರನ್ನು ಆರಿಸುವುದೂ ಸಂಸತ್ತೇ. ಈಗಿನವರ ಎರಡನೆಯ ಐದು ವರ್ಷಗಳ ಅವಧಿ ಆರಂಭವಾದದ್ದು 2022ರಲ್ಲಿ. ವಿಸರ್ಜನೆಗೆ ಒಪ್ಪಬೇಕೇ, ತಿರಸ್ಕರಿಸಬೇಕೇ ಎಂದು ಮುಂದಿನ ಬಿಕ್ಕಟ್ಟಿನಲ್ಲಿ ನಿರ್ಧರಿಸುವ ವ್ಯಕ್ತಿ ಯಾರೆಂಬುದನ್ನು, ಅವಧಿ ಪೂರ್ತಿ ನಡೆದರೆ, 2027ರಲ್ಲಿ ಈ ಸದನವೇ ತೀರ್ಮಾನಿಸಲಿದೆ.